ಹೊಸ ಫೋನು, ಹಳೆಯ ಸಿಮ್ಮು: ಹೊಸಪೇಟೆ ಪ್ರವಾಸದ ಒಂದು ಪಾಠ



ಕಳೆದ ಜನವರಿಯಲ್ಲಿ ನಮ್ಮ ಸಂಘದ ಇಪ್ಪತ್ತಾರು ಮಂದಿ ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಗಳಿಗೆ ಮೂರು ದಿನಗಳ ಅಧ್ಯಯನ ಪ್ರವಾಸ ಕೈಗೊಂಡದ್ದು ತಮಗೆಲ್ಲ ತಿಳಿದೇ ಇದೆ. ನಮ್ಮ ತೋಟಗಳ ಹಳ್ಳದ ನೀರು ತುಂಗೆಗೆ ಬಿದ್ದು, ಕೂಡ್ಲಿಯಲ್ಲಿ ಭದ್ರೆಯೊಡನೆ ಕೂಡಿ, ಹೊಸಪೇಟೆಯ ಅಣೆಕಟ್ಟೆಯಲ್ಲಿ ಹೋಗಿ ನಿಲ್ಲುತ್ತದೆ. ಆ ನೀರನ್ನು ಅಲ್ಲಿಯವರು ಹೇಗೆ ಹಂಚಿಕೊಳ್ಳುತ್ತಾರೆ, ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಗದ್ದೆ, ಬಾಳೆತೋಟಗಳಿಗೆ ಹೇಗೆ ನೀರುಣಿಸುತ್ತಿವೆ ಎಂಬುದನ್ನು ಕಣ್ಣಾರೆ ಕಂಡು ಬರುವುದು ನಮ್ಮ ಉದ್ದೇಶವಾಗಿತ್ತು. ಅದರ ವರದಿಯನ್ನು ಹಿಂದಿನ ಸಂಚಿಕೆಯಲ್ಲಿ ಓದಿದ್ದೀರಿ.

ಆದರೆ ಆ ವರದಿಯಲ್ಲಿ ನಾವು ಬರೆಯದೆ ಬಿಟ್ಟ ಸಂಗತಿಯೊಂದಿದೆ. ಮೂರು ದಿನವೂ ನಮ್ಮ ತಲೆ ತಿಂದದ್ದು ಕಾಲುವೆಯಲ್ಲ, ಕಿರುಬೆರಳಿನ ಉಗುರಿನಷ್ಟಿರುವ ಒಂದು ಸಿಮ್ ಕಾರ್ಡು. ಈ ಪೇಚಿಗೆ ಸಿಕ್ಕಿದವರು ನಮ್ಮ ಹಿರಿಯ ಸದಸ್ಯೆಯೊಬ್ಬರು. 'ಬರೀರಿ, ಇನ್ನೊಬ್ಬರಿಗಾದರೂ ಉಪಯೋಗವಾಗಲಿ, ಹೆಸರು ಮಾತ್ರ ಬೇಡ' ಎಂದು ಅವರೇ ಹೇಳಿದ್ದಾರೆ. ನಾವೆಲ್ಲ ಅವರನ್ನು ಅಕ್ಕಯ್ಯ ಎಂದು ಕರೆಯುವುದು ರೂಢಿ. ಇಲ್ಲಿಯೂ ಹಾಗೆಯೇ ಕರೆಯುತ್ತೇವೆ.

ಹೊಸಪೇಟೆಯ ಮೊದಲ ರಾತ್ರಿ

ಅಕ್ಕಯ್ಯನವರದು ಎರಡು ಎಕರೆ ಅಡಿಕೆ, ಅದರೊಳಗೇ ಕಾಫಿ. ಯಜಮಾನರು ತೀರಿಕೊಂಡು ಐದು ವರ್ಷವಾಯಿತು. ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಬೆಂಗಳೂರಿನಲ್ಲಿರುವ ಮಗ ಪ್ರವಾಸಕ್ಕೆ ಮುಂಚೆ ಒಂದು ಹೊಸ ಫೋನನ್ನು ಕೊರಿಯರಿನಲ್ಲಿ ಕಳುಹಿಸಿದ್ದ. ಪೇಟೆಯ ಅಂಗಡಿಯೊಂದರಲ್ಲಿ ಹಳೆಯ ಸಿಮ್ಮನ್ನು ಅದಕ್ಕೆ ಹಾಕಿಸಿ, ಬ್ಯಾಂಕಿನ ಆ್ಯಪನ್ನೂ ಹಾಕಿಸಿಕೊಂಡರು. ಹಳೆಯ ಫೋನನ್ನು ತೋಟದ ಕೆಲಸದ ಹುಡುಗನಿಗೆ ಕೊಟ್ಟು ಮಂಗಳವಾರ ಬೆಳಗಿನ ಜಾವ ನಮ್ಮೊಡನೆ ಬಸ್ಸು ಹತ್ತಿದರು.

ಶಿವಮೊಗ್ಗ, ಹರಿಹರ, ಹರಪನಹಳ್ಳಿ ಮಾರ್ಗವಾಗಿ ಹೊಸಪೇಟೆ ತಲುಪಿ, ವಸತಿಗೃಹದಲ್ಲಿ ಊಟ ಮುಗಿಸಿ ಕುಳಿತಾಗ ಅಕ್ಕಯ್ಯ ಫೋನು ಹಿಡಿದು ಬಂದರು. ಪರದೆಯ ಮೇಲೆ 'ಸಿಮ್ ಇಲ್ಲ' ಎಂಬ ಎರಡೇ ಪದ. ಏಳು ಮಂದಿ ಸೇರಿದರು, ಏಳು ಸಲಹೆ ಬಂದವು. ಒಬ್ಬರು ಊದಿದರು, ಒಬ್ಬರು ಪಂಚೆಯ ಅಂಚಿನಿಂದ ಒರೆಸಿದರು, ಒಬ್ಬರು ಆರಿಸಿ ಹೊತ್ತಿಸಿದರು. ಒಂದೆರಡು ಬಾರಿ ಸಿಗ್ನಲ್ ಗೆರೆಗಳು ಕಾಣಿಸಿಕೊಂಡು, ಫೋನನ್ನು ಎತ್ತಿದೊಡನೆ ಮಾಯವಾದವು.

'ಬಿಡಿ ಅಕ್ಕಯ್ಯ, ನಾಡಿದ್ದು ಊರಿಗೆ ಹೋಗಿ ನೋಡಿದರಾಯಿತು' ಎಂದೆವು. ಆಗ ಅವರು ಮೆಲ್ಲಗೆ ವಿಷಯ ಹೇಳಿದರು. ಗುರುವಾರ ಅವರ ಬೆಳೆಸಾಲದ ಗಡುವು. ಒಂದು ಲಕ್ಷ ಅರವತ್ತು ಸಾವಿರ ರೂಪಾಯಿ. ಅಡಿಕೆ ಮಾರಿದ ಹಣ ಸೋಮವಾರವಷ್ಟೇ ಖಾತೆಗೆ ಬಂದಿತ್ತು. ಫೋನಿನಿಂದಲೇ ಸಂಘಕ್ಕೆ ಕಳುಹಿಸಿದರಾಯಿತೆಂದು ಧೈರ್ಯವಾಗಿ ಹೊರಟು ಬಂದಿದ್ದರು.

ಸದಸ್ಯರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಸರ್ಕಾರದ ಬಡ್ಡಿ ಸಹಾಯಧನದಿಂದ ಶೂನ್ಯ ಬಡ್ಡಿಯಲ್ಲಿ ಸಿಗುವ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಿದರೆ ಮಾತ್ರ ಆ ಸೌಲಭ್ಯ. ಒಂದು ದಿನ ಮೀರಿದರೂ ವರ್ಷದ ಬಡ್ಡಿ ತಲೆಯ ಮೇಲೆ ಬರುತ್ತದೆ. ಆ ಲೆಕ್ಕ ಬರೆಯುವವರು ನಾವೇ. ನಮ್ಮ ಮುಂದೆಯೇ ಕುಳಿತ ಅಕ್ಕಯ್ಯನವರಿಗಾಗಿ ದಿನಾಂಕವನ್ನು ಹಿಂದೆ ಮುಂದೆ ಮಾಡುವ ಅಧಿಕಾರ ಕಾರ್ಯದರ್ಶಿಗಾಗಲಿ ಅಧ್ಯಕ್ಷರಿಗಾಗಲಿ ಇಲ್ಲ. ನಾವೆಲ್ಲ ಸೇರಿ ಹಣ ಹೊಂದಿಸಿ ಕೊಡುತ್ತೇವೆಂದೆವು. 'ಸಾಲ ತೀರಿಸೋಕೆ ಸಾಲ ಮಾಡೋದು ಬೇಡ. ಅವರು ಇದ್ದಾಗಲೂ ಹಾಗೆ ಮಾಡಿದವರಲ್ಲ. ನನ್ನ ದುಡ್ಡು ಬ್ಯಾಂಕಲ್ಲಿ ಇದೆಯಲ್ಲ' ಎಂದರು. ಮಾತು ಸರಿಯೇ. ದುಡ್ಡು ಇತ್ತು, ಅದನ್ನು ಮುಟ್ಟುವ ದಾರಿ ಮಾತ್ರ ಕಟ್ಟಿಹೋಗಿತ್ತು.

ಬುಧವಾರ ಬೆಳಿಗ್ಗೆ ಹೊಸಪೇಟೆಯ ಪೇಟೆಬೀದಿಯಲ್ಲಿ ಎರಡು ಅಂಗಡಿ ಸುತ್ತಿದೆವು. ಒಂದರಲ್ಲಿ 'ಫೋನಿನ ದೋಷ, ಕಂಪೆನಿಯ ಸರ್ವಿಸ್ ಕೇಂದ್ರಕ್ಕೆ ಕೊಡಿ' ಎಂದರು. ಇನ್ನೊಂದರಲ್ಲಿ 'ಸಿಮ್ ಸತ್ತಿದೆ, ಬದಲಿ ಸಿಮ್ ತೆಗೆದುಕೊಳ್ಳಿ' ಎಂದರು. ದೂರವಾಣಿ ಕಂಪೆನಿಯ ಕಚೇರಿಗೆ ಹೋದರೆ ಹೊಸ ತೊಡಕು ಎದುರಾಯಿತು. ಬದಲಿ ಸಿಮ್ ಬೇಕಾದರೆ ಅದು ಯಾರ ಹೆಸರಿನಲ್ಲಿದೆಯೋ ಅವರೇ ಗುರುತಿನ ಚೀಟಿಯೊಡನೆ ಬಂದು ಭಾವಚಿತ್ರ ತೆಗೆಸಿಕೊಳ್ಳಬೇಕು. ಅಕ್ಕಯ್ಯನವರ ಸಿಮ್ ಯಜಮಾನರ ಹೆಸರಿನಲ್ಲಿತ್ತು. ಮನೆಗೆಲ್ಲ ಇದ್ದದ್ದೇ ಆ ಒಂದು ನಂಬರು. ಇಬ್ಬರ ಬ್ಯಾಂಕ್ ಖಾತೆಗೂ ಅದನ್ನೇ ಕೊಟ್ಟಿದ್ದರು. ಅವರು ಹೋದ ಮೇಲೆ ಹೆಸರು ಬದಲಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕಚೇರಿಯ ಹುಡುಗಿ ಇನ್ನೊಂದು ಮಾತನ್ನೂ ಹೇಳಿದಳು. ಬದಲಿ ಸಿಮ್ ಸಿಕ್ಕಿದರೂ ವಂಚನೆ ತಡೆಯುವುದಕ್ಕಾಗಿ ಮೊದಲ 24 ಗಂಟೆ ಅದಕ್ಕೆ ಎಸ್ಸೆಮ್ಮೆಸ್ ಬರುವುದಿಲ್ಲ. ಎಸ್ಸೆಮ್ಮೆಸ್ ಇಲ್ಲದಿದ್ದರೆ ಓಟಿಪಿ ಇಲ್ಲ.

ಹಂಪಿಯಲ್ಲಿ ಒಂದು ಗಂಟೆ

ಅದೇ ದಿನ ಹಂಪಿಯಲ್ಲಿ ಸಿಮ್ಮಿಲ್ಲದ ಫೋನಿನ ಇನ್ನೊಂದು ಫಲವನ್ನೂ ಉಂಡೆವು. ಮಧ್ಯಾಹ್ನ ಹನ್ನೆರಡಕ್ಕೆ ವಿರೂಪಾಕ್ಷ ದೇವಾಲಯದ ಗೋಪುರದ ಎದುರು ಎಲ್ಲರೂ ಸೇರತಕ್ಕದ್ದೆಂದು ಹೇಳಿದ್ದೆವು. ಇಪ್ಪತ್ತೈದು ತಲೆ ಎಣಿಕೆಗೆ ಬಂದವು, ಅಕ್ಕಯ್ಯ ಇಲ್ಲ. ಅಭ್ಯಾಸಬಲದಿಂದ ನಾಲ್ಕಾರು ಮಂದಿ ಒಮ್ಮೆಗೇ ಅವರ ನಂಬರಿಗೆ ಕರೆ ಮಾಡಿದೆವು. ಸಂಪರ್ಕ ಸಿಗುತ್ತಿಲ್ಲವೆಂಬ ಧ್ವನಿಯೇ ಮತ್ತೆ ಮತ್ತೆ ಬಂತು. ಹೇಮಕೂಟದ ಬಂಡೆಗಳ ಮೇಲೆ, ನದಿಯ ಮೆಟ್ಟಿಲ ಬಳಿ, ಬಜಾರಿನ ಸಾಲುಮಂಟಪಗಳಲ್ಲಿ ಒಂದು ಗಂಟೆ ಹುಡುಕಿದೆವು. ಕೊನೆಗೆ ಸಾಸಿವೆಕಾಳು ಗಣೇಶನ ಮಂಟಪದ ನೆರಳಿನಲ್ಲಿ ನೀರಿನ ಬಾಟಲಿ ಪಕ್ಕಕ್ಕಿಟ್ಟುಕೊಂಡು ನೆಮ್ಮದಿಯಾಗಿ ಕುಳಿತಿದ್ದರು.

ನಾವು ಸ್ವಲ್ಪ ಸಿಡುಕಿಯೇ ಕೇಳಿದೆವು. 'ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಅಲ್ಲಿ ಇಲ್ಲಿ ಓಡಬಾರದು, ಕಡೇ ಸಲ ನೋಡಿದ ಜಾಗದಲ್ಲೇ ಕೂತಿರಬೇಕು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದರು. ನೀವು ನನ್ನನ್ನ ಕಡೇ ಸಲ ನೋಡಿದ್ದು ಇಲ್ಲೇ ಅಲ್ಲವಾ?' ಎಂದರು. ಉತ್ತರ ಕೊಡಲು ನಮ್ಮ ಬಳಿ ಏನೂ ಇರಲಿಲ್ಲ.

ಸಂಡೂರಿನ ರಿಪೇರಿಯವನು

ಗುರುವಾರ ಬೆಳಿಗ್ಗೆ ಕುಮಾರಸ್ವಾಮಿ ಬೆಟ್ಟ ಹತ್ತಿಳಿದು ಸಂಡೂರು ಪೇಟೆಯಲ್ಲಿ ಕಾಫಿಗೆ ನಿಂತೆವು. ಅದಿರಿನ ಕೆಂಪು ಧೂಳು ಬಸ್ಸಿನ ಕಿಟಕಿಯ ಮೇಲೆಲ್ಲ ಕುಳಿತಿತ್ತು. ಹೋಟೆಲಿನ ಪಕ್ಕದಲ್ಲೇ ಒಂದು ಗೂಡಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಇಪ್ಪತ್ತೈದರ ಹುಡುಗ ಫೋನು ಬಿಚ್ಚುತ್ತಿದ್ದ. ಕೇಳಿ ನೋಡೋಣವೆಂದು ಕೊಟ್ಟೆವು.

ಅವನು ಮಾಡಿದ ಮೊದಲ ಕೆಲಸ ಎರಡು ದಿನದಲ್ಲಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಫೋನಿನ ಸಿಮ್ಮನ್ನು ತೆಗೆದು ಅಕ್ಕಯ್ಯನ ಫೋನಿಗೆ ಹಾಕಿದ. ತಕ್ಷಣ ಸಿಗ್ನಲ್ ಬಂತು. ಅಂದರೆ ಫೋನಿನಲ್ಲಿ ದೋಷವಿಲ್ಲ. ಆಮೇಲೆ ಅಕ್ಕಯ್ಯನ ಸಿಮ್ಮನ್ನು ಒಂದು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂರಿಸಿ, ನಮ್ಮೊಡನಿದ್ದ ಹಿರಿಯರೊಬ್ಬರ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿದ. ಅಲ್ಲಿಯೂ ಸಿಗ್ನಲ್ ಬಂತು. ಅಂದರೆ ಸಿಮ್ಮೂ ಸತ್ತಿಲ್ಲ. ಹೊಸಪೇಟೆಯ ಎರಡು ಅಂಗಡಿಯವರ ಮಾತೂ ಸುಳ್ಳಾಯಿತು.

'ಅಮ್ಮಾ, ಸಿಮ್ಮು ಜೀವಂತ ಐತಿ. ಯಾರೋ ಕತ್ತರಿ ಹಾಕ್ಯಾರ ನೋಡ್ರಿ. ಗೂಡಿನ್ಯಾಗ ಸರಿಯಾಗಿ ಕುಂದರವಲ್ದು, ಅಷ್ಟೇ' ಎಂದ.

ಭೂತಗನ್ನಡಿ ಕೊಟ್ಟು ನಮಗೂ ತೋರಿಸಿದ. ಅಂಚು ಓರೆಯಾಗಿತ್ತು. ಹಳದಿ ಲೋಹದ ಫಲಕ ಕಾರ್ಡಿನ ಒಂದು ಬದಿಗೆ ಸರಿದಿತ್ತು. ಹಳೆಯ ಫೋನಿನ ದೊಡ್ಡ ಸಿಮ್ಮನ್ನು ನಮ್ಮೂರಿನ ಅಂಗಡಿಯಲ್ಲಿ ಕೈಯಂತ್ರದಿಂದ ಕತ್ತರಿಸಿ ಸಣ್ಣದು ಮಾಡಿದ್ದರು. ಅಂಗಡಿಯಲ್ಲಿದ್ದಷ್ಟು ಹೊತ್ತು ಅದು ಕೆಲಸ ಮಾಡಿತ್ತು. ಮುನ್ನೂರು ಕಿಲೋಮೀಟರ್ ಬಸ್ಸಿನ ಕುಲುಕಾಟಕ್ಕೆ ಜಾರಿತು.

ಸಿಮ್ ಎಂದರೇನು, ಅದು ಏಕೆ ಮುನಿಯುತ್ತದೆ?

ಈ ಪುಟ್ಟ ಕಾರ್ಡಿನ ವಿಚಾರವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಮೊದಲ ಸಿಮ್ಮುಗಳು 1991ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ತಯಾರಾದವು. ಆಗ ಅವು ಇಂದಿನ ಎಟಿಎಂ ಕಾರ್ಡಿನಷ್ಟು ದೊಡ್ಡವು. ಅನಂತರ 25 ಮಿ.ಮೀ. ಉದ್ದ, 15 ಮಿ.ಮೀ. ಅಗಲದ ಮಿನಿ ಸಿಮ್ ಬಂತು. ನಮ್ಮಲ್ಲಿ ಬಹುಮಂದಿ ಮೊದಲು ಕಂಡದ್ದು ಅದನ್ನೇ. ಆಮೇಲೆ 15ಕ್ಕೆ 12 ಮಿ.ಮೀ.ನ ಮೈಕ್ರೋ, ಅದರ ನಂತರ 12.3ಕ್ಕೆ 8.8 ಮಿ.ಮೀ.ನ ನ್ಯಾನೋ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹಳೆಯ ಸಿಮ್ಮುಗಳ ದಪ್ಪ 0.76 ಮಿ.ಮೀ., ನ್ಯಾನೋ ಸಿಮ್ಮಿನದು 0.67 ಮಿ.ಮೀ. ಉದ್ದ ಅಗಲವನ್ನು ಕತ್ತರಿ ಕಡಿಮೆ ಮಾಡೀತು, ದಪ್ಪವನ್ನು ಕಡಿಮೆ ಮಾಡದು. ಹೀಗೆ ಕತ್ತರಿಸಿದ ಕಾರ್ಡನ್ನು ತಟ್ಟೆಯಲ್ಲಿ ಬಲವಂತವಾಗಿ ತುರುಕಿದರೆ ಒಳಗಿನ ಸೂಕ್ಷ್ಮ ಸ್ಪ್ರಿಂಗುಗಳು ಬಾಗುತ್ತವೆ. ಆಗ ಫೋನೂ ಕೆಟ್ಟೀತು.

ಸಿಮ್ಮಿನ ಹಳದಿ ಫಲಕದ ಮೇಲೆ ಗೆರೆ ಎಳೆದಂತೆ ಕಾಣುವ ಒಂದೊಂದು ತುಂಡಿಗೂ ಒಂದೊಂದು ಕೆಲಸವಿದೆ. ಒಂದರಿಂದ ವಿದ್ಯುತ್ತು ಒಳಗೆ ಹೋಗುತ್ತದೆ, ಇನ್ನೊಂದರಿಂದ ಮಾಹಿತಿ ಹೋಗಿ ಬರುತ್ತದೆ. ಇವುಗಳಲ್ಲಿ ಒಂದು ತುಂಡು ಸ್ಪ್ರಿಂಗಿಗೆ ತಾಗದಿದ್ದರೂ ಫೋನಿಗೆ ಕಾರ್ಡು ಇದೆಯೆಂದೇ ತಿಳಿಯುವುದಿಲ್ಲ. ಕಾರ್ಡಿನೊಳಗೆ ಒಂದು ಗುಪ್ತ ಸಂಖ್ಯೆ ಹುದುಗಿರುತ್ತದೆ. ದೂರವಾಣಿ ಜಾಲ ಒಂದು ಪ್ರಶ್ನೆ ಕಳುಹಿಸುತ್ತದೆ. ಕಾರ್ಡು ತನ್ನ ಗುಪ್ತ ಸಂಖ್ಯೆಯೊಡನೆ ಅದನ್ನು ಸೇರಿಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಉತ್ತರ ತಾಳೆಯಾದರೆ ಮಾತ್ರ ಬಾಗಿಲು ತೆರೆಯುತ್ತದೆ. ಆದ್ದರಿಂದಲೇ ಬ್ಯಾಂಕುಗಳೂ ಸರ್ಕಾರವೂ ನಮ್ಮನ್ನು ಗುರುತಿಸಲು ಈ ನಂಬರನ್ನು ನೆಚ್ಚಿಕೊಂಡಿರುವುದು.

ಸಿಮ್ ಓದದಿರಲು ಬೇರೆ ಕಾರಣಗಳೂ ಉಂಟು. ತೀರ ಹಳೆಯ ಕಾಲದ ಸಿಮ್ಮುಗಳು 5 ವೋಲ್ಟ್ ವಿದ್ಯುತ್ತಿನಲ್ಲಿ ನಡೆಯುತ್ತಿದ್ದವು. ಈಗಿನ ಫೋನುಗಳು ಕೊಡುವುದು 3 ಅಥವಾ 1.8 ವೋಲ್ಟ್. ಕೆಲವು ಫೋನುಗಳಲ್ಲಿ ಎರಡನೆಯ ಗೂಡು ಸಿಮ್ಮಿಗೋ ಮೆಮೊರಿ ಕಾರ್ಡಿಗೋ ಒಂದಕ್ಕೆ ಮಾತ್ರ. ವಿದೇಶದಿಂದ ಬಂಧುಗಳು ತಂದುಕೊಟ್ಟ ಫೋನು ಅಲ್ಲಿನ ಕಂಪೆನಿಯೊಂದಕ್ಕೇ ಬೀಗ ಹಾಕಿರುವುದುಂಟು. ಅಮೆರಿಕದಲ್ಲಿ 2022ರಿಂದ ಮಾರಾಟವಾದ ಐಫೋನ್ 14ಕ್ಕೆ ಸಿಮ್ ತಟ್ಟೆಯೇ ಇಲ್ಲ. ಅದಕ್ಕೆ ಬೇಕಾದ್ದು ಕಾರ್ಡಿಲ್ಲದ ಇ-ಸಿಮ್. ಇನ್ನು ನಮ್ಮ ಮಲೆನಾಡಿನ ಮಳೆಗಾಲದ ತೇವ ಮತ್ತು ಬೆವರಿನ ಕೈಯ ಕೊಳೆಯಂತೂ ಇದ್ದದ್ದೇ.

ಕಂಪ್ಲಿಯ ಬ್ಯಾಂಕಿನಲ್ಲಿ

ಸಂಡೂರಿನ ಹುಡುಗ ಚೌಕಟ್ಟಿಗೆ ಇಪ್ಪತ್ತು ರೂಪಾಯಿ ತೆಗೆದುಕೊಂಡ, ನೋಡಿದ್ದಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲ. ಸಿಮ್ಮನ್ನು ಉಜ್ಜಿ ತೆಳುಮಾಡಿ ಹೊಸ ಫೋನಿಗೆ ಹಾಕಿಕೊಡೆಂದು ನಾವು ಒತ್ತಾಯಿಸಿದ್ದಕ್ಕೆ ತಲೆಯಾಡಿಸಿಬಿಟ್ಟ. ಹಾಗೆ ಮಾಡಿ ಚಿಪ್ಪು ಸೀಳಿದರೆ ನಂಬರೇ ಹೋಗುತ್ತದೆ, ಈಗ ಕೀಪ್ಯಾಡ್ ಫೋನಿನಲ್ಲಿ ನಡೆಯುತ್ತಿರುವುದನ್ನು ಮುಟ್ಟಬೇಡಿ ಎಂದ.

ಹೀಗೆ ನಂಬರು ಉಳಿಯಿತು. ಆದರೆ ಬ್ಯಾಂಕಿನ ಆ್ಯಪ್ ಇದ್ದದ್ದು ಹೊಸ ಫೋನಿನಲ್ಲಿ. ಸಿಮ್ ಅದೇ ಫೋನಿನಲ್ಲಿಲ್ಲದೆ ಆ್ಯಪ್ ತೆರೆಯಲಿಲ್ಲ. ಬಸ್ಸು ಹೊರಟಾಗ ಹನ್ನೆರಡೂವರೆ. ಮಗನಿಗೆ ಫೋನ್ ಮಾಡಿ ಓಟಿಪಿ ಓದಿ ಹೇಳಿದರೆ ಅವನು ಅಲ್ಲಿಂದಲೇ ಕಳುಹಿಸಲಾರನೇ ಎಂದು ಯಾರೋ ಸೂಚಿಸಿದರು. ಓಟಿಪಿಯನ್ನು ಯಾರಿಗೂ ಹೇಳಬೇಡಿರೆಂದು ಇದೇ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬರೆದವರು ನಾವು. ಬೇಡವೆಂದೆವು.

ಆಗ ಅಕ್ಕಯ್ಯ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದರು. 'ನನ್ನ ಪಾಸ್‌ಬುಕ್ಕು, ಆಧಾರು ಎರಡೂ ಇದಾವೆ. ಇದರಿಂದ ಏನಾದರೂ ಆಗುತ್ತದಾ ನೋಡಿ' ಎಂದರು.

ನಾವು ನಾಚಿಕೆಪಟ್ಟೆವು. ಪದವೀಧರರು, ಇಪ್ಪತ್ತು ವರ್ಷದಿಂದ ಸಂಘದ ಲೆಕ್ಕ ಬರೆಯುವವರು. ಈಗ ಬ್ಯಾಂಕಿನ ಯಾವ ಶಾಖೆಗೆ ಹೋದರೂ ಅದೇ ಖಾತೆ ತೆರೆದುಕೊಳ್ಳುತ್ತದೆಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಎರಡು ದಿನ ಫೋನಿನ ಹಿಂದೆ ಅಲೆದೆವೇ ಹೊರತು ಹೊಸಪೇಟೆಯಲ್ಲಿ ಬುಧವಾರ ಬೆಳಿಗ್ಗೆಯೇ ಅವರ ಬ್ಯಾಂಕಿನ ಮೆಟ್ಟಿಲು ಹತ್ತಲಿಲ್ಲ.

ಎರಡೂವರೆಗೆ ಕಂಪ್ಲಿ ತಲುಪಿ ನೇರವಾಗಿ ಅವರ ಬ್ಯಾಂಕಿನ ಶಾಖೆಗೆ ಹೋದೆವು. ಗುಮಾಸ್ತರು ನೆಫ್ಟ್ ಅರ್ಜಿ ಕೊಟ್ಟರು. ಸಂಘದ ಖಾತೆಯ ವಿವರ ನಮಗೆ ಬಾಯಿಪಾಠವಾದ್ದರಿಂದ ನಾವೇ ಬರೆದೆವು. ಅಕ್ಕಯ್ಯ ರುಜು ಹಾಕಿದರು. ಬೇರೆ ಊರಿನ ಖಾತೆ, ಮೊತ್ತ ದೊಡ್ಡದು. ಅಧಿಕಾರಿಯವರು ರುಜುವನ್ನು ಎರಡು ಬಾರಿ ತಾಳೆ ನೋಡಿ, ಆಧಾರ್ ನೋಡಿ, ನಾಲ್ಕು ಪ್ರಶ್ನೆ ಕೇಳಿದರು.

ಕಾದು ಕುಳಿತಾಗ ಪಕ್ಕದಲ್ಲಿದ್ದ ಕಂಪ್ಲಿಯ ಭತ್ತದ ಬೆಳೆಗಾರರೊಬ್ಬರು ನಮ್ಮ ಕಥೆ ಕೇಳಿ ತಮ್ಮದನ್ನು ಹೇಳಿದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 'ಮನಿಯವರೆಲ್ಲ ಮಲಗಿದ್ವಿ. ಫೋನ್ ಬಂತು. ಹೊಳಿದಂಡ್ಯಾಗಿನ ಪಂಪ್‌ಸೆಟ್ ಎತ್ತಿಕೊಂಡು ಬಂದ್ವಿ. ಫೋನ್ ಹತ್ತದಿದ್ದರ ಅದು ಹೊಳಿಪಾಲು' ಎಂದರು. ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆಯೇ ಮುಳುಗಿ ಓಡಾಟ ನಿಲ್ಲುವ ಊರದು. ನದಿದಂಡೆಯ ಕೃಷಿಕನಿಗೆ ಫೋನು ಏನೆಂಬುದು ಅವರ ಮಾತಿನಿಂದ ನಮಗೆ ಅರ್ಥವಾಯಿತು.

ಮೂರು ಗಂಟೆ ನಲವತ್ತು ನಿಮಿಷಕ್ಕೆ ಅಕ್ಕಯ್ಯನ ಕೈಯಲ್ಲಿದ್ದ ಕೀಪ್ಯಾಡ್ ಫೋನು ಸದ್ದು ಮಾಡಿತು. ಒಂದು ಲಕ್ಷ ಅರವತ್ತು ಸಾವಿರ ಖಾತೆಯಿಂದ ಹೋಗಿದೆಯೆಂಬ ಸಂದೇಶ. ನಾವು ಸಂಘದ ಕಚೇರಿಗೆ ಕರೆ ಮಾಡಿ ಹಣ ಜಮೆಯಾದದ್ದನ್ನು ಖಚಿತಪಡಿಸಿಕೊಂಡು, ಅಂದಿನ ದಿನಾಂಕಕ್ಕೇ ರಸೀದಿ ಹಾಕಿಸಿದೆವು. ಬಸ್ಸಿನಲ್ಲಿ ಕಾಯುತ್ತಿದ್ದವರಿಗೆಲ್ಲ ಅಕ್ಕಯ್ಯ ಕಂಪ್ಲಿಯ ಬಾಳೆಹಣ್ಣು ಕೊಡಿಸಿದರು.

ಸದಸ್ಯರು ಗಮನಿಸತಕ್ಕದ್ದು

ಊರಿಗೆ ಮರಳಿದ ಮೇಲೆ ಸಂಘದ ಪುಸ್ತಕ ತೆಗೆದು ನೋಡಿದೆವು. ತೀರಿಕೊಂಡವರ ಹೆಸರಿನಲ್ಲಿ, ಊರು ಬಿಟ್ಟ ಮಕ್ಕಳ ಹೆಸರಿನಲ್ಲಿ, ಹಿಂದೆಂದೋ ಕೆಲಸಕ್ಕಿದ್ದ ರೈಟರ ಹೆಸರಿನಲ್ಲಿ ಸಿಮ್ ಇಟ್ಟುಕೊಂಡವರು ಅಕ್ಕಯ್ಯ ಒಬ್ಬರೇ ಅಲ್ಲ. ಪಿಎಂ ಕಿಸಾನ್, ಫ್ರೂಟ್ಸ್ ನೋಂದಣಿ, ಬೆಳೆ ವಿಮೆ, ಬ್ಯಾಂಕು, ಎಲ್ಲಕ್ಕೂ ಇದೇ ನಂಬರು. ಆದ್ದರಿಂದ ಈ ಕೆಳಗಿನ ಮಾತುಗಳನ್ನು ದಯವಿಟ್ಟು ಗಮನಿಸಬೇಕು.

1. ನಿಮ್ಮ ಸಿಮ್ ಯಾರ ಹೆಸರಿನಲ್ಲಿದೆಯೆಂದು ಮೊದಲು ತಿಳಿದುಕೊಳ್ಳಿ. ತೀರಿಕೊಂಡವರ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ ಮತ್ತು ನಿಮ್ಮ ಗುರುತಿನ ದಾಖಲೆಯೊಡನೆ ಕಂಪೆನಿಯ ಕಚೇರಿಗೆ ಹೋಗಿ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಿ. ಸಿಮ್ ನಡೆಯುತ್ತಿರುವಾಗಲೇ ಈ ಕೆಲಸ ಮುಗಿಸಿ. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆಯೆಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ 'ಸಂಚಾರ್ ಸಾಥಿ' ಜಾಲತಾಣದಲ್ಲಿ ನೋಡಬಹುದು.

2. ಹೊಸ ಫೋನಿಗೆ ಹಳೆಯ ಸಿಮ್ಮನ್ನು ಕತ್ತರಿಸಿ ಹಾಕಿಸಬೇಡಿ. ಕಂಪೆನಿಯಿಂದಲೇ ಅದೇ ನಂಬರಿನ ನ್ಯಾನೋ ಸಿಮ್ ಪಡೆಯಿರಿ. ಆಮೇಲೆ 24 ಗಂಟೆ ಎಸ್ಸೆಮ್ಮೆಸ್ ಇರದು. 2024ರ ಜುಲೈ 1ರಿಂದ ಜಾರಿಯಾದ ನಿಯಮದಂತೆ 7 ದಿನ ಬೇರೆ ಕಂಪೆನಿಗೆ ನಂಬರು ವರ್ಗಾಯಿಸಲೂ ಆಗದು. ಸಾಲದ ಗಡುವಾಗಲಿ ಪ್ರಯಾಣವಾಗಲಿ ಹತ್ತಿರವಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿ.

3. 'ಸಿಮ್ ಇಲ್ಲ' ಎಂದು ಬಂದರೆ ಗಾಬರಿ ಬೇಡ. ಫೋನು ಆರಿಸಿ, ಕಾರ್ಡು ತೆಗೆದು, ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಕತ್ತರಿಸಿದ ಮೂಲೆ ತಟ್ಟೆಯ ಮೂಲೆಗೆ ಹೊಂದುವಂತೆ ಕೂರಿಸಿ. ಎರಡನೆಯ ಗೂಡಿದ್ದರೆ ಅಲ್ಲಿ ಹಾಕಿ ನೋಡಿ. ಆಗಲೂ ಬಾರದಿದ್ದರೆ ಸಂಡೂರಿನ ಹುಡುಗ ಮಾಡಿದಂತೆ ಮಾಡಿ. ಬೇರೆ ಸಿಮ್ಮನ್ನು ನಿಮ್ಮ ಫೋನಿಗೆ, ನಿಮ್ಮ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ನೋಡಿ. ದೋಷ ಯಾವುದರಲ್ಲಿದೆಯೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಅದು ತಿಳಿಯುವ ಮುನ್ನ ಯಾವ ಅಂಗಡಿಯಲ್ಲೂ ಹಣ ಕೊಡಬೇಡಿ.

4. ಸಿಮ್ ಪಿನ್ ಕೇಳಿದರೆ ಅಂದಾಜಿನ ಮೇಲೆ ಒತ್ತಬೇಡಿ. ಮೂರು ಬಾರಿ ತಪ್ಪಿದರೆ ಪಿಯುಕೆ ಸಂಖ್ಯೆ ಕೇಳುತ್ತದೆ. ಅದನ್ನು ಹತ್ತು ಬಾರಿ ತಪ್ಪಾಗಿ ಒತ್ತಿದರೆ ಕಾರ್ಡು ಶಾಶ್ವತವಾಗಿ ಮುಚ್ಚಿಹೋಗುತ್ತದೆ.

5. ಹೊಸ ಫೋನು ಒಂದು ವಾರ ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಯಾರಿಗೂ ಕೊಡಬೇಡಿ.

6. ದೂರ ಪ್ರಯಾಣ ಹೊರಡುವಾಗ ಪಾಸ್‌ಬುಕ್ಕು ಮತ್ತು ಆಧಾರ್ ಜೊತೆಗಿರಲಿ. ಮುಖ್ಯವಾದ ನಾಲ್ಕು ದೂರವಾಣಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಕ್ಕಯ್ಯನವರಿಗೆ ಮಗನ ನಂಬರೂ ಬಾಯಿಗೆ ಬರುತ್ತಿರಲಿಲ್ಲ, ಅದು ಫೋನಿನೊಳಗಿತ್ತು.

ಅಕ್ಕಯ್ಯನವರ ಸಿಮ್ ಈಗ ಅವರ ಹೆಸರಿನಲ್ಲಿದೆ, ಹೊಸ ಫೋನಿನಲ್ಲಿ ಚೆನ್ನಾಗಿ ನಡೆಯುತ್ತಿದೆ. ವರ್ಗಾವಣೆಯ ಅರ್ಜಿಗೆ ರುಜು ಹಾಕುವಾಗ ಅವರು ಸ್ವಲ್ಪ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದರು. ತೋಟದ ಪಹಣಿ, ಸಂಘದ ಷೇರು ಎಲ್ಲವೂ ಹಿಂದೆಯೇ ಅವರ ಹೆಸರಿಗೆ ಬಂದಿದ್ದವು. ಯಜಮಾನರ ಹೆಸರಿನಲ್ಲಿ ಉಳಿದಿದ್ದದ್ದು ಇದೊಂದೇ. ಆ ಕತ್ತರಿಸಿದ ಹಳೆಯ ಕಾರ್ಡನ್ನು ಅವರು ಎಸೆದಿಲ್ಲ, ಪಾಸ್‌ಬುಕ್ಕಿನ ಲಕೋಟೆಯಲ್ಲಿಟ್ಟುಕೊಂಡಿದ್ದಾರೆ.

ಸಿಮ್ ಬೇರೆಯವರ ಹೆಸರಿನಲ್ಲಿರುವ ಸದಸ್ಯರು ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸಂಘದ ಕಚೇರಿಗೆ ಬಂದರೆ, ಅರ್ಜಿ ತುಂಬುವುದಕ್ಕೂ ದಾಖಲೆ ಜೋಡಿಸುವುದಕ್ಕೂ ನಾವು ನೆರವಾಗುತ್ತೇವೆ. ಸಾಲದ ಗಡುವು ಹತ್ತಿರವಿರುವವರು ಮೊದಲು ಬರಬೇಕಾಗಿ ವಿನಂತಿ.

ಕಾರ್ಯದರ್ಶಿ